ಮನೆಗೆಲಸದವಳನ್ನು ಬಿಡಿಸಿದ ಕಾನೂನು

ಊರಲ್ಲಿ ನಾನು ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ. ಕೆನಡಾಕ್ಕೆ ಬಂದಮೇಲೆ ಆ ಟೀಚರ್ ಓದು ಇಲ್ಲಿ ನಡೆಯಲಿಲ್ಲ. 2017ರ ಚಳಿಗಾಲದಲ್ಲಿ ವಯಸ್ಸಾದವರ ಮನೆಗೆ ಹೋಗಿ ಸ್ನಾನ ಮಾಡಿಸುವ, ಬಟ್ಟೆ ತೊಡಿಸುವ, ಸೂಪು ಬಿಸಿ ಮಾಡಿಕೊಡುವ ಕೆಲಸಕ್ಕೆ ಸೇರಿದೆ. ಮಾರ್ಕಮ್‌ನಲ್ಲಿ ನಾವು ಬಾಡಿಗೆಗಿದ್ದ ಬೇಸ್‌ಮೆಂಟಿನಿಂದ ನ್ಯೂಮಾರ್ಕೆಟ್‌ಗೆ ಬಸ್ಸು, ಅಲ್ಲಿಂದ ವಾಪಸು ಬಸ್ಸು, ಊಟ, ನಿದ್ದೆ. ಆಗ ನನಗೆ ಬೇಸರವಿತ್ತೇ ಎಂದು ಯಾರಾದರೂ ಕೇಳಿದರೆ ಅದೂ ನೆನಪಿಲ್ಲ.

ನ್ಯೂಮಾರ್ಕೆಟ್‌ನ ಆ ಮನೆಯಲ್ಲಿ ತೊಂಬತ್ತರ ಹತ್ತಿರದ ಇಟಲಿಯ ಹೆಂಗಸೊಬ್ಬರು ಒಂಟಿಯಾಗಿದ್ದರು. ಗಂಡ ತೀರಿಕೊಂಡಿದ್ದರು, ಒಬ್ಬನೇ ಮಗ ವ್ಯಾಂಕೂವರಿನಲ್ಲಿದ್ದ. ಆಕೆಯ ಇಂಗ್ಲಿಷಿನಲ್ಲಿ ಇಟಲಿಯ ಎಳೆತ, ನನ್ನದರಲ್ಲಿ ಕರಾವಳಿಯದು. ಇಬ್ಬರೂ ನಿಧಾನವಾಗಿ ಮಾತಾಡುತ್ತಿದ್ದೆವು.

ಒಂದು ಬೆಳಿಗ್ಗೆ ಬೆನ್ನು ಉಜ್ಜುತ್ತಿದ್ದಾಗ ಆಕೆ ಹೇಳಿದರು, "ಚಿಕ್ಕಂದಿನಲ್ಲಿ ನನಗೆ ಸ್ನಾನ ಮಾಡಿಸುತ್ತಿದ್ದವಳು ಮನೆಗೆಲಸದವಳು. ಸರ್ಕಾರ ಅವಳನ್ನು ಬಿಡಿಸಿತು."

"ಸರ್ಕಾರವೇ? ಯಾಕೆ?"

"ಅವಳು ಆರ್ಯಳು, ನಾವು ಯಹೂದಿಗಳು. ಆರ್ಯರು ನಮ್ಮಂಥವರ ಮನೆಯಲ್ಲಿ ಕೆಲಸ ಮಾಡಬಾರದು ಅಂತ ಕಾನೂನು ಬಂತು. ನೀರು ಸ್ವಲ್ಪ ಬಿಸಿ ಮಾಡು."

ನಾನು ನೀರು ಬಿಸಿ ಮಾಡಿದೆ. ಆರ್ಯ ಎಂಬ ಮಾತನ್ನು ನಾನು ಕೇಳಿದ್ದು ಯಕ್ಷಗಾನದಲ್ಲಿ, ರಾಣಿಯ ವೇಷದವರು ಗಂಡನನ್ನು 'ಆರ್ಯಪುತ್ರ' ಎಂದು ಕರೆಯುವಾಗ. ಅದೇ ಮಾತು ಇಟಲಿಯ ಒಂದು ಅಡುಗೆಮನೆಗೆ ಹೋಗಿ ಒಬ್ಬಳ ಕೆಲಸ ಬಿಡಿಸಿತ್ತು.

ಮುಂದಿನ ವಾರಗಳಲ್ಲಿ ಆಕೆ ಉಳಿದದ್ದನ್ನೂ ಹೇಳಿದರು, ತರಕಾರಿ ಕೊಂಡದ್ದನ್ನು ಹೇಳುವಂತೆ, ದನಿ ಏರಿಸದೆ. ಅಪ್ಪ ಪೋಸ್ಟಾಫೀಸಿನಲ್ಲಿದ್ದರು. ಎಲ್ಲರ ಹಾಗೆ ಅವರೂ ಸರ್ವಾಧಿಕಾರಿಯ ಪಕ್ಷದ ಸದಸ್ಯರು. ಪಕ್ಷದ ಸಮವಸ್ತ್ರವಾದ ಅವರ ಕಪ್ಪು ಅಂಗಿಗೆ ಇಸ್ತ್ರಿ ಹಾಕುತ್ತಿದ್ದವಳು ಆ ಕೆಲಸದವಳೇ. 1938ರ ಬೇಸಿಗೆಯಲ್ಲಿ ಪತ್ರಿಕೆಗಳು ಯಹೂದಿಗಳದು ಬೇರೆಯೇ ರಕ್ತ, ಅವರು ಇಟಲಿಯವರೇ ಅಲ್ಲ ಎಂದು ಬರೆಯತೊಡಗಿದವು. ಪ್ರೊಫೆಸರುಗಳೇ ಹೇಳುತ್ತಿದ್ದರಿಂದ ನೆರೆಹೊರೆಯವರು ಇರಬಹುದು ಎಂದುಕೊಂಡರು. ಮೊದಲು ಈಕೆಯ ಶಾಲೆ ಹೋಯಿತು, ಆಮೇಲೆ ಅಪ್ಪನ ನೌಕರಿ, ಆಮೇಲೆ ಕೆಲಸದವಳು, ಕೊನೆಗೆ ಮನೆಯ ರೇಡಿಯೋ ಕೂಡ.

"ಶಾಲೆಯಲ್ಲಿ ಟೀಚರ್ ಏನೆಂದರು?" ಎಂದು ಕೇಳಿದೆ. ನನಗೆ ಅದೇ ಬೇಕಿತ್ತು.

"ಬಾಗಿಲಲ್ಲಿ ನಿಲ್ಲಿಸಿ, ನೀನು ಇನ್ನು ಬರುವ ಹಾಗಿಲ್ಲ ಅಂದರು. ಕೈಯಲ್ಲಿ ಸೀಮೆಸುಣ್ಣ ಇತ್ತು. ಒಳಗೆ ಹೋಗಿ ಪಾಠ ಶುರು ಮಾಡಿದರು."

ಯುದ್ಧದ ನಡುವೆ ಜರ್ಮನ್ನರು ಬಂದು ಕುಳಿತರು. ಯಹೂದಿಗಳನ್ನು ಮನೆಮನೆಯಿಂದ ಹಿಡಿಯುತ್ತಿದ್ದಾರೆಂಬ ಸುದ್ದಿ ಹಬ್ಬಿದಾಗ ಆ ಕೆಲಸದವಳು ಬೆಟ್ಟದ ಮೇಲಿನ ತನ್ನ ಹಳ್ಳಿಯಿಂದ ತಾನಾಗಿಯೇ ಇಳಿದು ಬಂದು, "ಮಗುವನ್ನು ಕೊಡಿ" ಎಂದಳಂತೆ. ಅಮ್ಮ ಮಗಳ ಕೋಟಿನ ಗುಂಡಿ ಹಾಕಿ ಕಳಿಸಿದರು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೊರಡಲಾಗದೆ ತಾವೂ ಅಪ್ಪನೂ ಉಳಿದರು. ಮೂವರನ್ನೂ ಹಿಡಿಯಲು ಬಂದವನು ಅದೇ ಬೀದಿಯ ಪೊಲೀಸು. ಯಾರೂ ಹಿಂದಿರುಗಲಿಲ್ಲ. ಯುದ್ಧ ಮುಗಿಯುವವರೆಗೂ ಹುಡುಗಿ ಕೆಲಸದವಳ ತಂಗಿಯ ಮಗಳೆಂದು ಹೇಳಿಕೊಂಡು ಮೇಕೆ ಕಾದಳು.

"ಆಮೇಲೆ ಪೇಟೆಯಲ್ಲಿ ಆ ಟೀಚರ್ ಸಿಕ್ಕಿದರು," ಎಂದರು ಆಕೆ. "ಎಷ್ಟು ಬೆಳೆದುಬಿಟ್ಟಿದ್ದೀ, ಎಲ್ಲಿಗೆ ಹೋಗಿದ್ದೆ, ಅಂತ ಕೇಳಿದರು. ಹಳ್ಳಿಯಲ್ಲಿದ್ದೆ ಅಂದೆ."

ಆ ಸಂಜೆ ನಾನು ಬೇಸ್‌ಮೆಂಟಿನಲ್ಲಿ ಜಾಕೆಟ್ ತೆಗೆಯದೆ ಕುಳಿತಿದ್ದೆ.

"ಎಂತ ಮಾರಾಯ್ತಿ, ಊಟ ಮಾಡುದಿಲ್ವಾ?" ಎಂದರು ನನ್ನ ಗಂಡ. ಹೇಳಿದೆ. ಅವರು ತಟ್ಟೆ ಹಿಡಿದುಕೊಂಡೇ ಕೇಳಿದರು, "ಅಲ್ಲ, ಆ ಪೊಲೀಸಿನವನಿಗೆ ಇವರದ್ದು ಗುರ್ತ ಇರ್ಲಿಲ್ವಾ?"

"ಇತ್ತಂತೆ. ದಿನಾ ನಮಸ್ಕಾರ ಹೇಳ್ತಿದ್ದನಂತೆ."

"ಮತ್ತೆ?"

"ಮತ್ತೆ ಎಂತ ಇಲ್ಲ. ಅವನಿಗೆ ಆರ್ಡರ್ ಬಂತು, ಹಿಡ್ಕೊಂಡು ಹೋದ."

ಅವರು ಅನ್ನ ಬಡಿಸಿದರು. ಉಂಡೆವು.

ಮರುವರ್ಷ ನನಗೆ ಕೆಲಸ ಕೊಟ್ಟ ಏಜೆನ್ಸಿಯವರು ನನ್ನನ್ನು ಜಾರ್ಜ್‌ಟೌನ್ ಕಡೆಯ ಮನೆಗಳಿಗೆ ಹಾಕಿದರು. ಮುಂದಿನ ವಾರದಿಂದ ಬೇರೊಬ್ಬರು ಬರುತ್ತಾರೆಂದು ಆಕೆಗೆ ಹೇಳಿದೆ. ಆಕೆ ಟವೆಲನ್ನು ಎದೆಗೆ ಒತ್ತಿಕೊಂಡರು.

"ಕಾನೂನು ಬಂತೇ?"

"ಇಲ್ಲ, ಇಲ್ಲ. ಶೆಡ್ಯೂಲು ಬದಲಾಯಿತು, ಅಷ್ಟೇ."

"ಹಾಗಾದರೆ ನೀನು ಬೇಕಾದಾಗ ಬರಬಹುದು."

"ಬರಬಹುದು."

ರಜೆಯ ಭಾನುವಾರಗಳಲ್ಲಿ ಹೋಗುತ್ತಿದ್ದೆ. ಕೆಲಸವಿರುತ್ತಿರಲಿಲ್ಲ, ಕಿಟಕಿಯ ಹತ್ತಿರ ಇಬ್ಬರೂ ಕೂತು ಹಿಮ ತಳ್ಳುವ ಗಾಡಿಯನ್ನು ನೋಡುತ್ತಿದ್ದೆವು.

2019ರಲ್ಲಿ ಆಕೆ ಆಸ್ಪತ್ರೆ ಸೇರಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮಗ ವ್ಯಾಂಕೂವರಿನಿಂದ ಬಂದಿದ್ದ, ಅರವತ್ತು ದಾಟಿದವನು. ಅಮ್ಮ ಏನು ಮಾತಾಡುತ್ತಿದ್ದಳು ಎಂದು ಕೇಳಿದ. ಆಸ್ಪತ್ರೆಯ ಕೆಫೆಟೀರಿಯಾದಲ್ಲಿ ಕೂತು ಕಾನೂನು, ಶಾಲೆ, ಕೆಲಸದವಳು, ಬೆಟ್ಟದ ಹಳ್ಳಿ ಎಲ್ಲವನ್ನೂ ಹೇಳಿದೆ. ಅವನಿಗೆ ಒಂದೂ ಗೊತ್ತಿರಲಿಲ್ಲ.

ಮೇಜಿನ ಅಂಚನ್ನು ಉಜ್ಜುತ್ತಾ ಹೇಳಿದ, "ಚಿಕ್ಕವನಿದ್ದಾಗ ಅಮ್ಮ ನನ್ನನ್ನು ಆ ಹಳ್ಳಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲೊಬ್ಬ ಮುದುಕಿ ನನಗೆ ಸ್ನಾನ ಮಾಡಿಸಿದಳು. ಅವಳೇ ನನ್ನ ಅಜ್ಜಿ ಅಂತ ಇಲ್ಲಿಯವರೆಗೂ ತಿಳಿದುಕೊಂಡಿದ್ದೆ."

ನನಗೆ ಶಿಫ್ಟಿತ್ತು, ಎದ್ದೆ. ಅವನು ಬಸ್‌ಸ್ಟಾಪಿನ ತನಕ ಬಂದು, ಬಸ್ಸು ಬರುವವರೆಗೆ ನನ್ನ ಪಕ್ಕದಲ್ಲೇ ನಿಂತಿದ್ದ.