ಹಸಿ ಹಕ್ಕರಕಿ

ಗಜೇಂದ್ರಗಡದ ನಮ್ಮ ಮನೆಯಲ್ಲಿ ರೊಟ್ಟಿಯ ಪಕ್ಕ ಹಸಿ ಹಕ್ಕರಕಿ ಸೊಪ್ಪಿಲ್ಲದಿದ್ದರೆ ಊಟ ಊಟವೇ ಅಲ್ಲ. ನನಗೆ ಮಾತ್ರ ಹಸಿ ಸೊಪ್ಪಿನ ಮಣ್ಣು ಕಂಡರೆ ಮೊದಲಿನಿಂದಲೂ ಹೇಸಿಗೆ. ನಾನು ಕಲಿತ ಕಾನ್ವೆಂಟಿನಲ್ಲಿ ಸಿಸ್ಟರುಗಳು ಉಗುರು ನೋಡಿಯೇ ಒಳಗೆ ಬಿಡುತ್ತಿದ್ದರು. ಆ ರೂಢಿ ಹೋಗಿಲ್ಲ.

ಮಗಳು ಎರಡನೇ ತರಗತಿಯಲ್ಲಿದ್ದಾಗ ಜ್ವರ ಹಿಡಿಯಿತು. ಬಲ ಪಕ್ಕೆಯಲ್ಲಿ ನೋವು, ಅನ್ನ ಸೇರದು. ಆಮೇಲೆ ಮೈತುಂಬ ಕೆಂಪು ಗಂಧೆ ಎದ್ದವು. ಅತ್ತೆ ನೋಡಿದವರೇ, "ಪಿತ್ತ ಕೆರಳೇತಿ. ಹಸೀದು ತಿನ್ನಸು, ತಂಪ ಆಕ್ಕೈತಿ" ಎಂದು ಇನ್ನಷ್ಟು ಸೊಪ್ಪು ತರಿಸಿದರು. ಬೇರೇನೂ ಮುಟ್ಟದ ಮಗು ಅದನ್ನು ತಿಂದಳು, ತಿಂದಷ್ಟೂ ಸೊರಗಿದಳು.

ಒಂದು ಮುಂಜಾನೆ ಸೊಪ್ಪು ತೊಳೆಯುವಾಗ ಬೆರಳಿಗೆ ಲೋಳೆ ಹತ್ತಿತು. ಎಲೆಯ ಬೆನ್ನಿಗೆ ಮೆಣಸಿನ ಕಾಳಿನಷ್ಟು ಬಸವನಹುಳು, ದಂಟಿನ ಸಂದಿಯಲ್ಲಿ ಕುರಿ ಹಿಕ್ಕೆ. ಬೋಗುಣಿ ಬಿಟ್ಟು ಬಚ್ಚಲಿಗೆ ಓಡಿದೆ.

ಅವತ್ತೇ ಮಗಳನ್ನು ದವಾಖಾನೆಗೆ ಕರೆದೊಯ್ದೆ. ರಕ್ತದ ವರದಿ ನೋಡಿದ ಡಾಕ್ಟರು, "ಹಸೀದ ಏನ್ ತಿನ್ನಸ್ತೀರಿ?" ಎಂದರು.

"ಹಕ್ಕರಕಿರಿ. ಹಳ್ಳದ ದಂಡಿದು, ಕುರಿ ನೀರ್ ಕುಡಿಯೋ ಜಾಗಾದ್ದು."

"ಇಯೋಸಿನೋಫಿಲ್ ಅನ್ನೋ ಬಿಳಿ ಕಣ ಭಾಳ ಏರ್ಯಾವ್ರಿ. ಹುಳ ಹೊಕ್ಕಾಗ ಮೈ ಎಬ್ಬಸೋ ದಂಡು ಅದು. ಗಂಧೆನೂ ಆ ಜಗಳದ್ದ."

ಇನ್ನೊಂದು ಪರೀಕ್ಷೆಯಲ್ಲಿ ಖಚಿತವಾಯಿತು: ಯಕೃತ್ತಿನ ಹುಳ. ಕುರಿ ಹಿಕ್ಕೆಯಿಂದ ಬಸವನಹುಳುವಿಗೆ, ಅಲ್ಲಿಂದ ನೀರಂಚಿನ ಸೊಪ್ಪಿಗೆ ದಾಟುವಂಥದ್ದು. ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಚಪ್ಪಟೆ, ಕಂದು, ಒದ್ದೆ ಎಲೆಯ ಹಾಗೆ. ಅದರ ಮರಿಗಳು ನನ್ನ ಮಗುವಿನ ಯಕೃತ್ತನ್ನು ಕೊರೆಯುತ್ತ ಪಿತ್ತನಾಳದತ್ತ ಹೊರಟಿದ್ದವು. ಅಲ್ಲಿ ಬೆಳೆದು ತತ್ತಿ ಇಡುತ್ತವಂತೆ.

"ಒಮ್ಮಿ ಬಂದ್ರ ಮತ್ತ ಬರಂಗಿಲ್ಲಲ್ರಿ?"

"ಹಂಗೇನಿಲ್ರಿ. ಈ ದಂಡು ಕಾದಾಡತೈತಿ, ಕೋಟೆ ಕಟ್ಟಂಗಿಲ್ಲ. ಬೇಯಿಸೇ ತಿನ್ನಸ್ರಿ."

ಗುಳಿಗೆ ಕೊಟ್ಟ ಮೇಲೆ ಜ್ವರ ಇಳಿಯಿತು, ಗಂಧೆ ಮಾಯವಾದವು. ಮಗಳ ಊಟ ಮಾತ್ರ ಎರಡು ತುತ್ತಿಗೇ ನಿಲ್ಲುತ್ತಿತ್ತು. ಅತ್ತೆ ಹಕ್ಕರಕಿಯನ್ನು ಒಗ್ಗರಣೆಗೆ ಹಾಕಿ, "ಕಸಾ ತಿಂದಂಗ ಆಕ್ಕೈತಿ" ಎಂದು ಗೊಣಗಿದರೂ, ಕುದಿಯುವವರೆಗೆ ಒಲೆ ಬಿಟ್ಟು ಕದಲುತ್ತಿರಲಿಲ್ಲ.

ಒಂದು ಸಂಜೆ ಊಟದ ನಡುವೆ ಮಗಳು ಕೇಳಿದಳು: "ಮಮ್ಮಿ, ಸತ್ತ ಹುಳ ಎಲ್ಲಿ ಹೋದ್ವು? ಒಳಗ ಕೊಳತ ಬಿದ್ದಾವೇನು?"

ನನ್ನ ಬಾಯಲ್ಲಿದ್ದ ಪಲ್ಯ ಅಲ್ಲೇ ನಿಂತಿತು.

"ಉಣ್ಣೂಮುಂದ ಹುಳದ ಮಾತ್ಯಾಕ, ಹೊಲಸ ಹುಡುಗಿ!" ಎಂದರು ಅತ್ತೆ.

"ಆ ದಂಡು ತಿಂದ್ಹಾಕಿರಬೇಕ ಬಿಡು" ಎಂದು ಮಗಳು ತಾನೇ ತೀರ್ಮಾನಿಸಿ, ಖಾಲಿ ತಾಟು ನನ್ನ ಮುಂದೆ ಚಾಚಿದಳು. "ಇನ್ನೊಂದ್ ರೊಟ್ಟಿ ಹಾಕ."

ನುಂಗಲೂ ಆಗದೆ, ಉಗುಳಲೂ ಆಗದೆ, ತುಂಬಿದ ಬಾಯಲ್ಲೇ ಎದ್ದು ಹಾಕಿದೆ.