ಚಿಕ್ಕಮ್ಮನ ಮಾತಿಗೆ ಎಂಥ ಬೀಗ?

ಪಾಸ್‌ವರ್ಡನ್ನು ಒಂದೇ ಸಲಕ್ಕೆ ಸರಿಯಾಗಿ ಒತ್ತುವವರನ್ನು ಕಂಡರೆ ನನಗೆ ಗೌರವ. ತೇಣಿಯ ಕಾಲೇಜಿನಲ್ಲಿ ಗಿಡಮರಗಳ ಲ್ಯಾಟಿನ್ ನಾಮಧೇಯಗಳನ್ನು ತಡವರಿಸದೆ ಉಚ್ಚರಿಸುವ ನಾನು, ನನ್ನದೇ ಲ್ಯಾಪ್‌ಟಾಪಿನ ಬಾಗಿಲಲ್ಲಿ ಅಪರಿಚಿತನಂತೆ ನಿಂತುಬಿಡುತ್ತಿದ್ದೆ. ಆದರೂ ಬೀಗವಿರಲೇಬೇಕಿತ್ತು, ಒಳಗೆ ಚಿಕ್ಕಮ್ಮನ ದನಿಯಿತ್ತು.

ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ನೆಲೆಸಿದ ಕನ್ನಡದ ಒಕ್ಕಲು ಮನೆತನ ನಮ್ಮದು. ನಮ್ಮ ಮನೆಮಾತು ನನ್ನ ಮಗಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ಅದಕ್ಕೇ ಮಾರ್ಕಯನ್‌ಕೋಟ್ಟೈಯಲ್ಲಿರುವ ನನ್ನ ತಾಯಿಯ ತಂಗಿಯ ಹಾಡು, ಕತೆ, ಬೈಗುಳಗಳನ್ನೆಲ್ಲ ಧ್ವನಿಮುದ್ರಿಸಿಕೊಳ್ಳತೊಡಗಿದ್ದೆ. ಒಂದು ದಿನ ಚಿಕ್ಕಮ್ಮ, ನನ್ನ ತಾಯಿಗೆ ಮೊದಲು ನಿಶ್ಚಯವಾಗಿದ್ದ ಸಂಬಂಧದ ವಿಷಯ ತೆಗೆದಳು. ಬೋಡಿಮೆಟ್ಟಿನ ಏಲಕ್ಕಿ ತೋಟದ ವರ. ಹುಡುಗಿಗೆ ಮೂರ್ಛೆರೋಗವೆಂದು ಹಿಂದಿನ ಬೀದಿಯ ಪೊನ್ನಮ್ಮ ಸುಳ್ಳು ಹಬ್ಬಿಸಿ ಮದುವೆ ಮುರಿದಳಂತೆ. ನನ್ನ ತಾಯಿ ಸಾಯುವವರೆಗೂ ಪೊನ್ನಮ್ಮನೊಡನೆ ಮಾತಾಡದಿದ್ದ ಕಾರಣ ಅಂದು ತಿಳಿಯಿತು.

"ನಾ ಇರಾಗಂಟ ಇದ್ನ ಯಾರ್ಗೂ ಕೇಳುಸ್ಬ್ಯಾಡ ಕಣ್ಣು," ಎಂದಳು ಚಿಕ್ಕಮ್ಮ.

ಕಂಪ್ಯೂಟರ್ ವಿಭಾಗದ ಸೆಲ್ವಿ ಎರಡು ದಾರಿ ಹೇಳಿದರು. ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿದರೆ, ಯಂತ್ರ ಕಳವಾದರೂ ಪಾಸ್‌ವರ್ಡ್ ಇಲ್ಲದವರಿಗೆ ಒಳಗಿನದೆಲ್ಲ ಅರ್ಥಹೀನ ಅಕ್ಷರರಾಶಿ. ಇಲ್ಲವೇ, ಗುಟ್ಟಿನ ಕಡತಗಳನ್ನಷ್ಟೇ ಎನ್‌ಕ್ರಿಪ್ಟ್ ಮಾಡಿ ಕ್ಲೌಡಿನಲ್ಲಿಟ್ಟರೆ, ಯಂತ್ರ ಹೋದರೂ ದನಿ ಉಳಿಯುತ್ತದೆ, ಕ್ಲೌಡಿನವರಿಗೂ ಕೇಳಿಸದು. ಎರಡನ್ನೂ ಮಾಡಿ ಎಂದರು. ನಾನು ಮೊದಲನೆಯದನ್ನು ಮಾತ್ರ ಮಾಡಿದೆ. ಎರಡನೆಯದರಲ್ಲಿ ಯಾವುದು ಗುಟ್ಟು, ಯಾವುದು ಅಲ್ಲವೆಂದು ಕಡತಕಡತಕ್ಕೂ ತೀರ್ಮಾನಿಸಬೇಕು. ಸೋಮಾರಿತನಕ್ಕೆ ಸುರಕ್ಷತೆ ಎಂಬ ಸಂಸ್ಕೃತದ ಹೆಸರಿಟ್ಟು ನಿಶ್ಚಿಂತನಾದೆ.

ಉತ್ತರಪತ್ರಿಕೆ ತಿದ್ದಲು ದಿಂಡಿಗಲ್ಲಿಗೆ ಹೊರಟವನು ನಡುದಾರಿಯಲ್ಲಿ ಚಹಾಕ್ಕೆಂದು ಇಳಿದೆ. ಬಸ್ಸು ಲ್ಯಾಪ್‌ಟಾಪಿದ್ದ ನನ್ನ ಚೀಲದೊಡನೆ ಹೊರಟುಹೋಯಿತು. ದಿಂಡಿಗಲ್ ನಿಲ್ದಾಣದಲ್ಲಿ ಬಸ್ಸು ಸಿಕ್ಕಿತು, ಚೀಲ ಸಿಗಲಿಲ್ಲ.

"ಭಯಪಡಬೇಡಿ ಸಾರ್, ಯಾರಿಗೂ ಕೇಳಿಸದು," ಎಂದರು ಸೆಲ್ವಿ ಫೋನಿನಲ್ಲಿ.

"ನನಗೆ?"

"ನಿಮಗೂ."

ಮರುವಾರ ಚಿಕ್ಕಮ್ಮನ ಮುಂದೆ ಕೂತು ತಪ್ಪೊಪ್ಪಿಕೊಂಡೆ. ಅವಳು ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದಳು.

"ಹೋದ್ರೆ ಹೋಗ್ಲಿ. ಅದ್ರಾಗೆ ನಾ ಪೊಯ್ ಹೇಳಿದ್ದೆ," ಎಂದಳು. ಸುಳ್ಳಿಗೆ ನಮ್ಮ ಮನೆಗಳಲ್ಲಿ ತಮಿಳಿನ ಈ ಮಾತೇ ಬಳಕೆ. "ಪೊನ್ನಮ್ಮ ಅಲ್ಲ, ನಾನೇ ಹೇಳ್ದೋಳು. ನಮ್ಮೂರ್ಗೆ ಬಂದಿದ್ದ ಮಾಪ್ಳೆ ಹುಡ್ಗನ ಅವ್ವಂಗೆ, ನೀರಿಗೆ ಹೋದಾಗ ಬಾವಿ ತಾವ. ಅಕ್ಕ ಮಲೆ ಮ್ಯಾಲೆ ಹೋಗ್ಬುಟ್ರೆ ನಾ ಒಬ್ಳೇ ಆಯ್ತೀನಿ ಅಂತ. ಹನ್ನೆರ್ಡು ವಯ್ಸು ನಂಗೆ. ಎಲ್ರೂ ಪೊನ್ನಮ್ಮನ್ನ ಅಂದ್ರು, ನಾ ಬಾಯ್ಬಿಡ್ಲಿಲ್ಲ."

ಕೋಪ ಬಂತು. ಆದರೆ ಆ ಸುಳ್ಳಿಲ್ಲದಿದ್ದರೆ ನನ್ನ ತಾಯಿ ಬೋಡಿಮೆಟ್ಟಿನ ಸೊಸೆಯಾಗುತ್ತಿದ್ದಳು, ಕೋಪಿಸಿಕೊಳ್ಳಲು ನಾನೇ ಇರುತ್ತಿರಲಿಲ್ಲ. ಧ್ವನಿಮುದ್ರಿಸಲು ಫೋನು ತೆಗೆದೆ. ಚಿಕ್ಕಮ್ಮ ಇನ್ನೊಮ್ಮೆ, ಈ ಸಲ ನಿಜವನ್ನೇ ಹೇಳಿದಳು. ಈ ಒಂದನ್ನಾದರೂ ಎನ್‌ಕ್ರಿಪ್ಟ್ ಮಾಡಿ ಕ್ಲೌಡಿನಲ್ಲಿಡೋಣವೆಂದು ಕೇಳಿದೆ:

"ಇದ್ಕೆ ಬೀಗ ಹಾಕ್ತೀನಿ ಚಿಕ್ಕವ್ವ. ಯಾವಾಗ ತೆಗೀಲಿ?"

"ನಾ ಹೋದ್ಮ್ಯಾಲೆ. ಪೊನ್ನಮ್ಮಂಗೆ ಕೇಳ್ಸು."

"ಅವ್ರು ನಿನ್ಗಿಂತ ದೊಡ್ಡೋರಲ್ವಾ?"

ಚಿಕ್ಕಮ್ಮನ ಕೈ ನಿಂತಿತು. ಮೊರ ಬದಿಗಿಟ್ಟು, ಮಂಡಿಗೆ ಕೈಯೂರಿ ಎದ್ದಳು. "ಬೀಗ ಬ್ಯಾಡ, ನಡಿ," ಎಂದಳು.

ಹಿಂದಿನ ಬೀದಿಯ ಜಗಲಿಯಲ್ಲಿ ಪೊನ್ನಮ್ಮ ಕಾಲು ಚಾಚಿ ಕೂತಿದ್ದರು. ಫೋನು ತೆಗೆಯಲು ಚಿಕ್ಕಮ್ಮ ಬಿಡಲಿಲ್ಲ; ತಾನೇ ಅವರ ಕಿವಿಯ ಬಳಿ ಬಾಗಿ, ಎಲ್ಲವನ್ನೂ ಗಟ್ಟಿಯಾಗಿ ಹೇಳಿದಳು. ಪೊನ್ನಮ್ಮ ಕೇಳಿಸಿಕೊಂಡು ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನಂಗೊತ್ತು ಕಣ್ಣು. ಅವತ್ತು ಬಾವಿ ತಾವ ನಾನೂ ಇದ್ನಲ್ಲ. ನಾ ನಿಜ ಹೇಳಿದ್ರೆ ನಿಮ್ಮಪ್ಪ ನಿನ್ನ ಸುಮ್ನೆ ಬಿಡ್ತಿದ್ನಾ?"