ಇಪ್ಪತ್ತಡಿ ಪೈಪಿನ ಕಮಾನು

ಮೊನ್ನೆ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದೆ. ಗಾಳಿಗೆ ಅಂಗಡಿಯ ತಗಡು ಪಟಪಟ ಬಡಿಯಿತು ನೋಡಿ, ಲೋಟ ಕೆಳಗಿಟ್ಟು ಹೊರಗೆ ಬಂದು ನಿಂತೆ. ನಗಬೇಡಿ. ಹನ್ನೊಂದು ವರ್ಷದಿಂದ ಗಾಳಿ ಬೀಸಿದಾಗಲೆಲ್ಲ ಕೊಡಿಗೇನಹಳ್ಳಿ ಕಡೆಯ ಒಂದು ಶಾಲೆಯ ಊಟದ ಚಪ್ಪರ ನೆನಪಾಗಿ ನನಗೆ ಭಯವಾಗುತ್ತದೆ.

ಆಗ ನಾನಲ್ಲಿ ಹೊಸದಾಗಿ ಸೇರಿದ ಗಣಿತದ ಟೀಚರ್. ಮಕ್ಕಳು ಬಿಸಿಲಲ್ಲಿ ಕೂತು ಉಣ್ಣುತ್ತಾರೆಂದು ಹೆಡ್ ಮಾಸ್ಟರು ತಗಡಿನ ಚಪ್ಪರ ಹಾಕಿಸಲು ಹೊರಟರು. ನಾನು ಸುಮ್ಮನಿರಬಹುದಿತ್ತು. "ಕಮಾನಿನ ಹಾಗೆ ಮಾಡಿಸೋಣ ಸರ್, ಹತ್ತನೇ ಕ್ಲಾಸಿನ ಬಹುಪದೋಕ್ತಿಯ ನಕ್ಷೆ ಮಕ್ಕಳ ತಲೆ ಮೇಲೇ ಇರುತ್ತೆ" ಎಂದೆ. ಗ್ರಾಫ್ ಹಾಳೆಯಲ್ಲಿ ಬರೆದೂ ಕೊಟ್ಟೆ. ಅಗಲ ಇಪ್ಪತ್ತಡಿ, ಕಂಬದ ಮೇಲೆ ನಡುವಿನ ಎತ್ತರ ಐದಡಿ. ನಡುವಿನಿಂದ ಎಷ್ಟಡಿ ಸರಿದಿರೋ ಅದರ ವರ್ಗವನ್ನು ಇಪ್ಪತ್ತರಿಂದ ಭಾಗಿಸಿ ಐದರಲ್ಲಿ ಕಳೆಯಿರಿ, ಅಲ್ಲಿನ ಎತ್ತರ ಸಿಗುತ್ತದೆ. ತುದಿಗೆ ಬಂದರೆ ಸರಿಯಾಗಿ ಸೊನ್ನೆ! ಆ ಖುಷಿಯಲ್ಲಿ, ಇಪ್ಪತ್ತಡಿಯ ಆರು ಪೈಪು ಸಾಕೆಂದು ಪಟ್ಟಿಯನ್ನೂ ನಾನೇ ಬರೆದೆ.

ಕೆಲಸಕ್ಕೆ ಬಂದವರು ಶಿರಾದ ವೆಲ್ಡರ್ ರಹಮತ್ ಭಾಯಿ. ಹಾಳೆ ನೋಡಿ ಮೆಲ್ಲಗೆ ಕೇಳಿದರು: "ಮೇಡಂ, ಇಪ್ಪತ್ತಡಿ ಪೈಪು ಬಗ್ಗಿಸ್ಬುಟ್ರೆ ಇಪ್ಪತ್ತಡಿ ಅಗಲ ಹೆಂಗೆ ಮುಟ್ತದೆ? ಮೂರಡಿ ಕಮ್ಮಿ ಬತ್ತದೆ."

ನನ್ನ ಸೂತ್ರ ಎತ್ತರ ಹೇಳುತ್ತಿತ್ತೇ ಹೊರತು ಬಾಗಿದ ಪೈಪಿನ ಉದ್ದ ಹೇಳುತ್ತಿರಲಿಲ್ಲ. ನಾಚಿಕೆಯಾಯಿತು. "ತುಂಡು ಸೇರಿಸಿ ಭಾಯಿ" ಎಂದುಬಿಟ್ಟೆ. ಮಧ್ಯಾಹ್ನ ಹೆಡ್ ಮಾಸ್ಟರು ಆ ಬೆಸುಗೆಗಳನ್ನು ಕಂಡು ರೇಗಿದರು: "ಏನಯ್ಯಾ, ಅಳತೆ ಮಾಡೋಕೂ ಬರಲ್ವಾ ನಿನಗೆ?" ಭಾಯಿ ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ನಾನು ಹಾಜರಿ ಪುಸ್ತಕ ತಿರುವುತ್ತಿದ್ದೆ.

ಅಂದಿನಿಂದ ಶುರುವಾಯಿತು. ಬೆಸುಗೆ ಬಿಟ್ಟುಕೊಂಡರೆ? ಕೆಳಗೆ ಮಕ್ಕಳು ತಟ್ಟೆ ಹಿಡಿದು ಕೂತಿರುತ್ತಾರೆ. ಕೊರಟಗೆರೆಗೆ ವರ್ಗವಾದ ಮೇಲೂ, ಮಳೆಗಾಳಿ ಎದ್ದರೆ ಆ ಶಾಲೆಯ ಹಳೆಯ ಗೆಳತಿಗೆ ಫೋನ್ ಮಾಡುತ್ತಿದ್ದೆ. ಅವಳ ಮಗಳ ಓದು, ಅತ್ತೆಯ ಮಂಡಿನೋವು ಎಲ್ಲ ವಿಚಾರಿಸಿ, ಕೊನೆಗೆ "ಅಲ್ಲಿ ಗಾಳಿ ಜೋರಾ?" ಎನ್ನುತ್ತಿದ್ದೆ. ಅವಳ ಲೆಕ್ಕದಲ್ಲಿ ನಾನು ಹವಾಮಾನದ ಹುಚ್ಚಿ.

ಮೊನ್ನೆ ತಡೆಯಲಾಗದೆ ಟೀ ಅಂಗಡಿಯಿಂದ ಸೀದಾ ಶಿರಾ ಬಸ್ ಹತ್ತಿದೆ. ಅಲ್ಲಿ ವಿಚಾರಿಸಿಕೊಂಡು ಹೋದರೆ, ಭಾಯಿಯ ಗಡ್ಡ ಬೆಳ್ಳಗಾಗಿತ್ತು. ಆ ಬೆಸುಗೆ ಗಟ್ಟಿಯಿದೆಯಾ ಎಂದು ಕೇಳಿದೆ.

"ಒಳಗೆ ಎರಡಡಿ ಸಣ್ಣ ಪೈಪು ತೂರ್ಸಿ ವೆಲ್ಡಿಂಗ್ ಮಾಡಿವ್ನಿ ಮೇಡಂ. ಮಕ್ಕಳು ಕೂರೋ ಜಾಗ, ಅಂಗೇ ಬುಡ್ತೀನಾ? ಅವತ್ತೇ ಕೇಳಿದ್ರೆ ಹೇಳ್ತಿದ್ದೆ."

ಕೇಳಬೇಕಾದರೆ ತಪ್ಪು ನನ್ನದೆಂದು ಒಪ್ಪಬೇಕಿತ್ತಲ್ಲ! "ಆಮೇಲೆ ಆ ಕಡೆ ಕೆಲಸ ಸಿಕ್ತಾ ಭಾಯಿ?" ಎಂದೆ.

"ಇಲ್ಲ ಬುಡಿ. ಅಳತೆ ಬರದವನು ಅಂತ ಹೆಸರಾಯ್ತು" ಎಂದು ನಕ್ಕರು.

ಚಪ್ಪರದ ಭಯ ಹೋಗಿ ಬೇರೊಂದು ಸಂಕಟ ಹೊಕ್ಕಿತು. ಎರಡು ದಿನ ಅನ್ನ ಸೇರಲಿಲ್ಲ. ಇವತ್ತು ಬೆಳಿಗ್ಗೆ, ನಿವೃತ್ತರಾಗಿ ಮಧುಗಿರಿಯಲ್ಲಿರುವ ಹೆಡ್ ಮಾಸ್ಟರ ಮನೆಗೆ ಹೋಗಿ "ಸರ್, ಆ ಅಳತೆ ನನ್ನದು" ಎಂದೆ. ಅವರು ಭಾಯಿಯ ನಂಬರ್ ಕೇಳಿ, ಒತ್ತಿ, ಫೋನನ್ನು ನನ್ನ ಕೈಗೇ ಕೊಟ್ಟರು.

"ಮೊದಲು ನೀನು ಕ್ಷಮೆ ಕೇಳಮ್ಮ. ಆಮೇಲೆ ನಾನು ಕೇಳ್ತೀನಿ."

ಅಷ್ಟು ದೂರ ಶಿರಾಕ್ಕೆ ಹೋಗಿ ಬಂದೂ, ಆ ಒಂದು ಮಾತನ್ನು ನಾನು ಭಾಯಿಗೆ ಹೇಳಿರಲೇ ಇಲ್ಲ.